ಬೆರಳಿನಡಿ ಏಳುವ ಪಟ್ಟಿ

ಬೇಸಿಗೆಯ ಒಂದು ಮಧ್ಯಾಹ್ನ ನಾವು ರೋಣದಲ್ಲಿ ಗಜೇಂದ್ರಗಡದ ಬಸ್ಸಿಗಾಗಿ ಕಾದು ನಿಂತಿದ್ದೆವು. ಬಿಸಿಲನ್ನು ತಡೆಯಲಾರದೆ ಹತ್ತಿರದಲ್ಲಿದ್ದ ಕಂಪ್ಯೂಟರಿನ ಅಂಗಡಿಯೊಂದರ ನೆರಳಿಗೆ ಸರಿದೆವು. ಒಳಗೆ ಪಿ.ಯು.ಸಿ. ಮುಗಿಸಿದ ಹುಡುಗಿಯೊಬ್ಬಳು ತಾನು ಸೇರಬಯಸುವ ಕಾಲೇಜುಗಳ ಹೆಸರುಗಳನ್ನು ಇಷ್ಟದ ಕ್ರಮದಲ್ಲಿ ಜಾಲತಾಣವೊಂದರಲ್ಲಿ ತುಂಬುತ್ತಿದ್ದಳು. ಅವಳ ತಂದೆ ಬಾಗಿಲ ಬಳಿಯ ಬಾಕಿನ ಮೇಲೆ ಕುಳಿತು ಗಡಿಯಾರವನ್ನು ನೋಡುತ್ತಿದ್ದರು. ಅಂದೇ ಕೊನೆಯ ದಿನ. ಸಂಜೆಯಾದ ಮೇಲೆ ಪಟ್ಟಿಯನ್ನು ತಿದ್ದಲು ಅವಕಾಶವಿರಲಿಲ್ಲ.

ತೆರೆಯ ಮೇಲೆ ಒಂದರ ಕೆಳಗೊಂದು ಕಾಲೇಜುಗಳ ಹೆಸರು. ಪ್ರತಿ ಸಾಲಿನ ಕೊನೆಯಲ್ಲಿ ಮೂರು ಚುಕ್ಕೆಗಳು. ಆ ಚುಕ್ಕೆಗಳನ್ನು ಒತ್ತಿದರೆ ಚಿಕ್ಕದೊಂದು ಪಟ್ಟಿ ಎದ್ದು ಬರುತ್ತಿತ್ತು: ‘ಮೇಲಕ್ಕೆ ಸರಿಸು’, ‘ಕೆಳಕ್ಕೆ ಸರಿಸು’, ‘ಅಳಿಸು’. ಹುಡುಗಿ ಇಪ್ಪತ್ತು ಹೆಸರುಗಳನ್ನು ತುಂಬಿ, ಕೆಲವನ್ನು ಹಿಂದುಮುಂದು ಮಾಡಿ, ಮುಗಿಯಿತೆಂದಳು. ಅಂಗಡಿಯವನು ಕಾಗದದ ಮೇಲೆ ಅಚ್ಚು ತೆಗೆದು ಎಣಿಸಿದ.

“ತಂಗೀ, ಇಪ್ಪತ್ತ ತುಂಬಿದ್ದೆಲ್ಲ? ಇಲ್ಲಿ ಹತ್ತೊಂಬತ್ತ ಅದಾವ ನೋಡು.”

“ಇಲ್ಲರೀ ಅಣ್ಣಾರ, ನಾ ಏನೂ ಅಳಿಸಿಲ್ಲರೀ!”

ಕಾಣೆಯಾಗಿದ್ದುದು ಇಪ್ಪತ್ತನೆಯದು. ಮೇಲಿನವೆಲ್ಲ ಕೈತಪ್ಪಿದರೂ ಇದಾದರೂ ಇರಲಿ ಎಂದು ತಂದೆ ಹೇಳಿ ಬರೆಸಿದ್ದ, ಮನೆಗೆ ಹತ್ತಿರದ ಕಾಲೇಜು ಅದು. ಸಮಯವಿನ್ನೂ ಇದ್ದುದರಿಂದ ಅಂಗಡಿಯವನು ಅದನ್ನು ಮತ್ತೆ ಸೇರಿಸಿದ. ನಮ್ಮ ಬಸ್ಸು ಹೋಗಿಯೇ ಬಿಟ್ಟಿತು. ಹುಡುಗಿ ಸುಳ್ಳು ಹೇಳುವವಳಾಗಿ ಕಾಣಲಿಲ್ಲ. ಅವಳ ಕೈಯೇ ಆ ಹೆಸರನ್ನು ಅಳಿಸಿತ್ತೆಂಬುದೂ ನಿಜ. ಇವೆರಡೂ ಒಟ್ಟಿಗೆ ಹೇಗೆ ನಿಜವಾಗಬಲ್ಲುವು ಎಂಬುದೇ ಈ ಲೇಖನದ ವಿಷಯ.

ಹೀಗೆ ಒತ್ತಿದೆಡೆಯಲ್ಲಿಯೇ ಎದ್ದು ಬಂದು, ಕೆಲಸ ಮುಗಿದೊಡನೆ ಮಾಯವಾಗುವ ಪಟ್ಟಿಗೆ ಪಾಪ್‌ಅಪ್ ಮೆನು ಎಂದು ಹೆಸರು. ಮೌಸಿನ ಬಲಗುಂಡಿಯನ್ನು ಒತ್ತಿದಾಗ ಬರುವುದು ಇದೇ. ಮೊಬೈಲಿನಲ್ಲಿ ಒಂದು ಚಿತ್ರದ ಮೇಲೆ ಬೆರಳನ್ನು ಊರಿ ಹಿಡಿದಾಗ ಬರುವುದೂ ಇದೇ. ಅದನ್ನು ತೆರೆಯ ಮೇಲೆ ಎಲ್ಲಿ ಇಡಬೇಕು? ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಕಳೆದ ಐವತ್ತು ವರ್ಷಗಳಿಂದ ಕಂಪ್ಯೂಟರ್ ವಿಜ್ಞಾನಿಗಳೂ ಮನಶ್ಶಾಸ್ತ್ರಜ್ಞರೂ ಇದರ ಬಗೆಗೆ ತಲೆ ಕೆಡಿಸಿಕೊಂಡಿದ್ದಾರೆ.

ಮೊದಲು ‘ಹತ್ತಿರ’ ಎಂಬುದರ ಗುಣವನ್ನು ನೋಡೋಣ. ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆಗಳನ್ನು ನೇಯುವ ಮನೆಗಳಿವೆಯಷ್ಟೆ. ಕುಣಿಮಗ್ಗದ ಮುಂದೆ ಕುಳಿತ ನೇಕಾರನನ್ನು ಗಮನಿಸಿ. ಲಾಳಿಯನ್ನು ಓಡಿಸುವ ಹಗ್ಗ ಅವನ ಎದುರಿಗೇ ಇಳಿಬಿದ್ದಿರುತ್ತದೆ. ಹಣಿಗೆಯನ್ನು ಬಡಿಯುವ ಹಲಗೆ ಇನ್ನೊಂದು ಕೈಯಲ್ಲಿ. ತುಳಿಯುವ ಕೋಲುಗಳು ಕುಣಿಯೊಳಗೆ ಕಾಲಿನ ಕೆಳಗೆ. ದಿನಕ್ಕೆ ಸಾವಿರಾರು ಸಲ ಮಾಡಬೇಕಾದ ಕೆಲಸಗಳು ಇವು; ಆದುದರಿಂದ ಮೈ ಅಲುಗದಂತೆ ಎಟುಕುವೆಡೆಯಲ್ಲಿವೆ. ಕತ್ತರಿಯೂ ಬೇಕಾದುದೇ. ಆದರೆ ಅದನ್ನು ಹಾಸಿನ ಎಳೆಗಳ ಮೇಲೆ ಬಾಯಿ ತೆರೆದಿಟ್ಟುಕೊಂಡು ಯಾರೂ ನೇಯುವುದಿಲ್ಲ. ಕೈ ತಾಗಿದರೆ ಏನಾಗುವುದೆಂಬುದನ್ನು ನೇಕಾರನಿಗೆ ಯಾವ ಮನಶ್ಶಾಸ್ತ್ರಜ್ಞನೂ ಹೇಳಿಕೊಡಬೇಕಾಗಿಲ್ಲ.

ಈ ಅನುಭವಕ್ಕೆ ಅಳತೆಯ ರೂಪ ಕೊಟ್ಟವನು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್. 1954ರಲ್ಲಿ ಪ್ರಕಟವಾದ ಅವನ ಪ್ರಯೋಗ ಬಹು ಸರಳವಾದುದು. ಮೇಜಿನ ಮೇಲೆ ಎರಡು ಲೋಹದ ಪಟ್ಟಿಗಳು, ಕೈಯಲ್ಲೊಂದು ಕಡ್ಡಿ. ಕಡ್ಡಿಯಿಂದ ಆ ಪಟ್ಟಿಯನ್ನೊಮ್ಮೆ ಈ ಪಟ್ಟಿಯನ್ನೊಮ್ಮೆ ಆದಷ್ಟು ಬೇಗ, ತಪ್ಪಿಲ್ಲದೆ, ಮುಟ್ಟುತ್ತಿರಬೇಕು. ಪಟ್ಟಿಗಳ ನಡುವಿನ ದೂರವನ್ನೂ ಅವುಗಳ ಅಗಲವನ್ನೂ ಬದಲಿಸುತ್ತ ಅವನು ಕಾಲವನ್ನು ಅಳೆದ. ದೂರ ಹೆಚ್ಚಿದಷ್ಟೂ, ಗುರಿ ಕಿರಿದಾದಷ್ಟೂ ಹೆಚ್ಚು ಹೊತ್ತು ಬೇಕೆಂಬುದು ಎಲ್ಲರಿಗೂ ತಿಳಿದುದೇ. ಎಷ್ಟು ಹೆಚ್ಚು ಎಂಬುದನ್ನು ಫಿಟ್ಸ್ ಲೆಕ್ಕಕ್ಕೆ ಇಳಿಸಿದ. ದೂರದ ಇಮ್ಮಡಿಯನ್ನು ಗುರಿಯ ಅಗಲದಿಂದ ಭಾಗಿಸಬೇಕು. ಬಂದ ಸಂಖ್ಯೆ 2ರ ಎಷ್ಟನೆಯ ಘಾತವೆಂದು ನೋಡಬೇಕು. ಅದೇ ಆ ಚಲನೆಯ ಕಷ್ಟದ ಅಂಕ. ಕೈಗೆ ಹಿಡಿಯುವ ಕಾಲವು ಈ ಅಂಕಕ್ಕೆ ತಕ್ಕಂತೆ ಸಮನಾಗಿ ಏರುತ್ತದೆ.

ಉದಾಹರಣೆಗೆ, 1 ಸೆಂಟಿಮೀಟರ್ ಅಗಲದ ಗುರಿ 16 ಸೆಂಟಿಮೀಟರ್ ದೂರದಲ್ಲಿದ್ದರೆ ಭಾಗಲಬ್ಧ 32. ಇದು 2ರ ಐದನೆಯ ಘಾತ, ಅಂಕ 5. ಅದೇ ಗುರಿಯನ್ನು 2 ಸೆಂಟಿಮೀಟರಿಗೆ ತಂದರೆ ಭಾಗಲಬ್ಧ 4, ಅಂಕ 2. ಇನ್ನೂ ಹತ್ತಿರ ತಂದು, ದೂರವನ್ನು ಅಗಲದ ಅರ್ಧಕ್ಕೆ ಇಳಿಸಿದರೆ ಭಾಗಲಬ್ಧ 1, ಅಂಕ ಸೊನ್ನೆ. ಆಗ ಕಡ್ಡಿಯ ತುದಿ ಗುರಿಯ ಅಂಚಿನ ಮೇಲೆಯೇ ಇರುತ್ತದೆ. ಮುಟ್ಟಲು ಯಾವ ಪ್ರಯಾಸವೂ ಇಲ್ಲ. ಈ ಸೊನ್ನೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ತೊಡಕೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

1978ರಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನ ಕೇಂದ್ರದ ಕಾರ್ಡ್, ಇಂಗ್ಲಿಷ್ ಮತ್ತು ಬರ್ ಎಂಬವರು ಮೌಸಿನ ಚಲನೆಗೂ ಈ ನಿಯಮ ಅನ್ವಯಿಸುತ್ತದೆಂದು ತೋರಿಸಿಕೊಟ್ಟರು. ಅದೇ ಕೇಂದ್ರದಲ್ಲಿ ಬೆಳೆದ ಸ್ಮಾಲ್‌ಟಾಕ್ ಎಂಬ ವ್ಯವಸ್ಥೆಯಲ್ಲಿ ಬಾಣವಿದ್ದೆಡೆಯಲ್ಲಿಯೇ ಎದ್ದು ಬರುವ ಮೆನುಗಳು ಆಗಲೇ ಬಳಕೆಯಲ್ಲಿದ್ದವು. ಬಾಣ ಹೋಗಿ ಮೆನುವನ್ನು ಹುಡುಕುವ ಬದಲು ಮೆನುವೇ ಬಾಣದ ಬಳಿಗೆ ಬಂದರೆ ದೂರ ಉಳಿಯುವುದಲ್ಲವೆ? 1995ರ ವಿಂಡೋಸ್ ಬಲಗುಂಡಿಯ ಮೆನುವನ್ನು ಕಚೇರಿ ಮನೆಗಳಿಗೆಲ್ಲ ಹಬ್ಬಿಸಿತು. ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ 1984ರಲ್ಲಿ ಬೇರೆಯ ದಾರಿ ಹಿಡಿದಿತ್ತು. ಅದರ ಮುಖ್ಯ ಮೆನುಗಳೆಲ್ಲ ತೆರೆಯ ಮೇಲಂಚಿಗೆ ಅಂಟಿಕೊಂಡಿದ್ದವು. ದೂರ ಹೆಚ್ಚು, ನಿಜ. ಆದರೆ ಅಂಚನ್ನು ದಾಟಿ ಬಾಣ ಹೋಗಲಾರದು. ಎಷ್ಟು ರಭಸದಿಂದ ತಳ್ಳಿದರೂ ಅಲ್ಲಿಯೇ ನಿಲ್ಲುತ್ತದೆ. ಆದುದರಿಂದ ಆ ಗುರಿಯ ಎತ್ತರವು ಅನಂತವಿದ್ದಂತೆಯೇ ಸರಿ.

ಇನ್ನು ಹತ್ತಿರದ ಅಪಾಯ. ಕಂಪ್ಯೂಟರಿಗೆ ನಮ್ಮ ಮುಖ ಕಾಣದು, ಮನಸ್ಸು ತಿಳಿಯದು. ನಾವು ಬೇಕೆಂದೇ ಒತ್ತಿದೆವೋ, ಕೈ ಜಾರಿ ಒತ್ತಿತೋ ಎಂಬುದಕ್ಕೆ ಅದರ ಬಳಿ ಇರುವ ಸಾಕ್ಷಿ ಒಂದೇ: ಒತ್ತುವ ಮುನ್ನ ಕೈ ಮಾಡಿದ ಪ್ರಯಾಣ. ಬಾಣವು ನಾಲ್ಕು ಸೆಂಟಿಮೀಟರ್ ಸರಿದು ‘ಅಳಿಸು’ ಎಂಬುದರ ಮೇಲೆ ನಿಂತು ಒತ್ತಿದರೆ, ಅಳಿಸುವ ಉದ್ದೇಶವಿತ್ತೆಂದು ನಂಬಬಹುದು. ಬಾಣ ಕದಲದೆ ಇದ್ದು ‘ಅಳಿಸು’ ಎಂಬುದೇ ಬಂದು ಅದರ ಕೆಳಗೆ ಕುಳಿತರೆ? ಕಷ್ಟದ ಅಂಕ ಸೊನ್ನೆಯಾಯಿತು. ಅದರೊಡನೆ ಸಾಕ್ಷಿಯೂ ಸೊನ್ನೆಯಾಯಿತು. ಫಿಟ್ಸನ ಲೆಕ್ಕದಲ್ಲಿ ಪರಮ ಸುಖವೆನಿಸುವ ಸ್ಥಾನವೇ ತಪ್ಪು ಒತ್ತಿಗೆ ಪರಮ ಅನುಕೂಲವಾದ ಸ್ಥಾನ.

ಇದು ಕೇವಲ ತರ್ಕವಲ್ಲ. ಗುಂಡಿಯನ್ನು ಒತ್ತುವುದರಲ್ಲಿ ಎರಡು ಘಟನೆಗಳಿವೆ: ಕೆಳಗೆ ಅದುಮುವುದು ಒಂದು, ಬಿಡುವುದು ಮತ್ತೊಂದು. ಕೆಲವು ವ್ಯವಸ್ಥೆಗಳಲ್ಲಿ ಬಲಗುಂಡಿಯನ್ನು ಅದುಮಿದೊಡನೆ ಮೆನು ಏಳುತ್ತದೆ. ಅದುಮಿ ಹಿಡಿದೇ ಬಾಣವನ್ನು ಬೇಕಾದ ಸಾಲಿಗೆ ಎಳೆದು ಬಿಟ್ಟರೆ ಆ ಸಾಲು ಆಯ್ಕೆಯಾಗುತ್ತದೆ. ಒಂದೇ ಒತ್ತಿನಲ್ಲಿ ಎರಡು ಕೆಲಸ. ಅಭ್ಯಾಸವಾದವರಿಗೆ ಬಹಳ ಚುರುಕು. ಆದರೆ ಹೊಸಬನು ಸುಮ್ಮನೆ ಒತ್ತಿ ಬಿಡುತ್ತಾನೆ. ಮೆನುವಿನ ಮೊದಲ ಸಾಲು ಬಾಣದ ತುದಿಗೆ ಸರಿಯಾಗಿ ಬಂದಿದ್ದರೆ, ಬಿಟ್ಟ ಕ್ಷಣದಲ್ಲಿ ಅದು ಆಯ್ಕೆಯಾಗಿ ಮೆನು ಮಾಯವಾಗುತ್ತದೆ. ಏನೋ ಮಿನುಗಿತು, ಏನೋ ಆಯಿತು, ಏನೆಂದು ತಿಳಿಯದು. ಲಿನಕ್ಸ್ ಬಳಸುವವರಲ್ಲಿ ಅನೇಕರು ಈ ಕಿರುಕುಳವನ್ನು ಅನುಭವಿಸಿದ್ದಾರೆ.

ಪರಿಹಾರಗಳನ್ನು ವಿನ್ಯಾಸಕಾರರು ಹಲವು ಬಗೆಯಲ್ಲಿ ಹುಡುಕಿದರು. ಮೆನುವಿನ ಮೂಲೆಯನ್ನು ಬಾಣದ ತುದಿಯಿಂದ ಕೂದಲೆಳೆಯಷ್ಟು ಪಕ್ಕಕ್ಕೂ ಕೆಳಕ್ಕೂ ಸರಿಸುವುದು ಒಂದು. ಬಾಣ ಆಗ ಯಾವ ಸಾಲಿನ ಮೇಲೂ ಇರುವುದಿಲ್ಲ. ಸುಮ್ಮನೆ ಬಿಟ್ಟರೆ ಏನೂ ಆಗದು. ಆದರೆ ಕೈ ಸ್ವಲ್ಪ ನಡುಗಿದರೂ ಈ ಅಂತರ ಕರಗಿಹೋಗುತ್ತದೆ; ವಯಸ್ಸಾದವರ ಕೈಗೆ ಇದು ಸಾಲದು. ಗುಂಡಿಯನ್ನು ಬಿಟ್ಟ ಮೇಲೆಯೇ ಮೆನುವನ್ನು ತೆರೆಯುವುದು ಇನ್ನೊಂದು; ವಿಂಡೋಸಿನ ಪದ್ಧತಿ ಇದು. ತೆರೆಯಲು ಒಂದು ಒತ್ತು, ಆರಿಸಲು ಮತ್ತೊಂದು. ವೇಗ ತುಸು ಕುಂದಿದರೂ ಗೊಂದಲ ಕಡಿಮೆ. ಬಾಣ ಇಂತಿಷ್ಟು ಸರಿಯುವವರೆಗೆ, ಅಥವಾ ಇಂತಿಷ್ಟು ಹೊತ್ತು ಕಳೆಯುವವರೆಗೆ, ಬಿಡುವಿಕೆಯನ್ನು ಗಣನೆಗೆ ತೆಗೆದುಕೊಳ್ಳದಿರುವುದೂ ಉಂಟು.

ನಮಗೆ ಇವೆಲ್ಲಕ್ಕಿಂತ ಜಾಣತನದ್ದೆಂದು ತೋರುವುದು ಮ್ಯಾಕಿಂಟಾಷಿನ ಒಂದು ಉಪಾಯ. ಹಲವು ಆಯ್ಕೆಗಳಲ್ಲಿ ಒಂದು ಮೊದಲೇ ನಿಶ್ಚಿತವಾಗಿರುವ ಮೆನುವನ್ನು ಯೋಚಿಸಿ. ಅಕ್ಷರದ ಗಾತ್ರ ಈಗ 12 ಇದೆಯೆನ್ನೋಣ. ಅಂಥ ಮೆನುವನ್ನು ತೆರೆದಾಗ 12 ಎಂಬ ಸಾಲೇ ಬಾಣದ ಕೆಳಗೆ ಬರುವಂತೆ ಇಡೀ ಪಟ್ಟಿ ಮೇಲಕ್ಕೋ ಕೆಳಕ್ಕೋ ಸರಿದುಕೊಂಡು ನಿಲ್ಲುತ್ತದೆ. ತಪ್ಪಿ ಬಿಟ್ಟರೆ 12 ಇದ್ದದ್ದು 12 ಆಗಿಯೇ ಉಳಿಯುತ್ತದೆ. ಬೆರಳಿನಡಿಯ ಜಾಗವನ್ನು ಖಾಲಿ ಬಿಡಲಾಗದಿದ್ದರೆ ಅಲ್ಲಿ ನಿರುಪದ್ರವಿಯನ್ನು ಕೂರಿಸಬೇಕು ಎಂಬ ತಿಳಿವು ಇದರಲ್ಲಿದೆ.

ಈಗ ರೋಣದ ಹುಡುಗಿಯ ಕಡೆಗೆ ಬರೋಣ. ಆ ಜಾಲತಾಣವನ್ನು ರಚಿಸಿದವರು ಅಜಾಗರೂಕರೇನೂ ಅಲ್ಲ. ‘ಅಳಿಸು’ ಎಂಬ ಕತ್ತರಿಯನ್ನು ಪಟ್ಟಿಯ ಕೊನೆಯಲ್ಲಿ, ಎಂದರೆ ಬಾಣದಿಂದ ಅತ್ಯಂತ ದೂರದಲ್ಲಿ, ಇಟ್ಟಿದ್ದರು. ಮೆನು ಬಾಣದಿಂದ ಕೆಳಮುಖವಾಗಿ ಇಳಿಯುವವರೆಗೆ ಈ ಏರ್ಪಾಡು ಸರಿಯೇ. ಆದರೆ ಇಪ್ಪತ್ತನೆಯ ಸಾಲು ತೆರೆಯ ತಳದಲ್ಲಿತ್ತು. ಕೆಳಗೆ ಜಾಗವಿಲ್ಲದಾಗ ಮೆನು ಮೇಲ್ಮುಖವಾಗಿ ಏಳುತ್ತದೆ. ಇಲ್ಲದಿದ್ದರೆ ಅದರ ಅರ್ಧ ಭಾಗ ತೆರೆಯ ಹೊರಗೆ ಹೋಗಿ ಕಾಣದಾಗುವುದು. ಮೇಲಕ್ಕೆ ಎದ್ದಾಗ ಸಾಲುಗಳ ಕ್ರಮ ಬದಲಾಗುವುದಿಲ್ಲ, ‘ಅಳಿಸು’ ತಳದಲ್ಲಿಯೇ ಉಳಿಯುತ್ತದೆ. ಮೆನುವಿನ ತಳವಾದರೋ ಈಗ ಬಾಣಕ್ಕೆ ತಾಗಿಕೊಂಡಿದೆ! ಅತಿ ದೂರದಲ್ಲಿರಲೆಂದು ಇಟ್ಟದ್ದು ಅತಿ ಹತ್ತಿರಕ್ಕೆ, ಬೆರಳಿನಡಿಗೇ ಬಂದು ಬಿಟ್ಟಿತು. ಇದರ ಮೇಲೆ ಹುಡುಗಿಯ ಒಂದು ಅಭ್ಯಾಸ ಸೇರಿತು. ಕಂಪ್ಯೂಟರನ್ನು ಹೊಸದಾಗಿ ಕಲಿತವರಲ್ಲಿ ಬಹುಮಂದಿ ಏನನ್ನು ಕಂಡರೂ ಎರಡು ಸಲ ಟಕಟಕನೆ ಒತ್ತುತ್ತಾರೆ, ಕಡತಗಳನ್ನು ತೆರೆಯಲು ಹಾಗೆ ಕಲಿತಿರುತ್ತಾರೆ. ಮೊದಲ ಒತ್ತಿಗೆ ಮೆನು ಎದ್ದಿತು. ಎರಡನೆಯದು ‘ಅಳಿಸು’ ಎಂಬುದರ ಮೇಲೆ ಬಿದ್ದಿತು. ನಾವು ಅಂಗಡಿಯವನ ಅಪ್ಪಣೆ ಪಡೆದು, ಬೇಡವಾದ ಹೆಸರೊಂದನ್ನು ಕೊನೆಗೆ ಸೇರಿಸಿ ಪರೀಕ್ಷಿಸಿದೆವು. ನಡುವಿನ ಸಾಲುಗಳಲ್ಲಿ ಎರಡು ಸಲ ಒತ್ತಿದರೆ ‘ಮೇಲಕ್ಕೆ ಸರಿಸು’ ಮಾತ್ರ ಆಗುತ್ತಿತ್ತು; ಕೊನೆಯ ಸಾಲಿನಲ್ಲಿ ಹೆಸರೇ ಹೋಗುತ್ತಿತ್ತು. ಯಾವ ಆಯ್ಕೆಯನ್ನು ಕಡೆಯ ಆಸರೆಯೆಂದು ಬರೆಯುತ್ತೇವೋ ಅದಕ್ಕೇ ಈ ಗಂಡಾಂತರ.

ದೂರವೂ ಆಗದೆ, ಬೆರಳಿನಡಿಗೂ ಬಾರದೆ ಇರುವ ಬಗೆ ಇಲ್ಲವೆ? ಸುಗ್ಗಿಯ ಕಣವನ್ನು ನೆನೆದುಕೊಳ್ಳಿ. ನಡುವೆ ಮೇಟಿ, ಸುತ್ತಲೂ ಹಂತಿಯ ಎತ್ತುಗಳು ತಿರುಗುವ ದಾರಿ. ಮೇಟಿಯಿಂದ ಕಣದ ಯಾವ ಅಂಚಿಗಾದರೂ ದೂರ ಒಂದೇ. ಮೇಟಿಯ ಬಳಿ ಮಾತ್ರ ಏನೂ ತುಳಿಯಲ್ಪಡುವುದಿಲ್ಲ. ಇದೇ ಆಕೃತಿಯ ಮೆನುವನ್ನು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 1988ರಲ್ಲಿ ವರದಿ ಮಾಡಿದರು. ಎಂಟು ಆಯ್ಕೆಗಳನ್ನು ಒಂದರ ಕೆಳಗೊಂದು ಬರೆಯುವ ಬದಲು ರೊಟ್ಟಿಯನ್ನು ಎಂಟು ತುಂಡು ಮಾಡಿದಂತೆ ಬಾಣದ ಸುತ್ತ ಹಂಚಿದರು. ನಡುವಿನ ವೃತ್ತದಲ್ಲಿ ಏನೂ ಇಲ್ಲ. ಅಲ್ಲಿ ಬಿಟ್ಟರೆ ಮೆನು ಮುಚ್ಚಿಕೊಳ್ಳುತ್ತದೆ. ಸಾಲುಮೆನುವಿಗಿಂತ ಇದು ವೇಗವಾಗಿಯೂ ಇತ್ತು, ತಪ್ಪುಗಳೂ ಇಳಿದವು. ಆದರೂ ಇದು ಕೆಲವು ಆಟಗಳಲ್ಲಿಯೂ ಚಿತ್ರ ರಚಿಸುವ ತಂತ್ರಾಂಶಗಳಲ್ಲಿಯೂ ನೆಲೆ ನಿಂತಿತೇ ಹೊರತು ಎಲ್ಲೆಡೆ ಹಬ್ಬಲಿಲ್ಲ. ಆಯ್ಕೆಗಳು ಹೆಚ್ಚಾದರೆ ತುಂಡುಗಳು ತೆಳುವಾಗುತ್ತವೆ; ಕನ್ನಡದ ಉದ್ದನೆಯ ಪದಗಳನ್ನು ಬರೆಯಲು ಎಡೆ ಸಾಲದು; ತೆರೆಯ ಮೂಲೆಯಲ್ಲಿ ವೃತ್ತ ಹಿಡಿಸುವುದೇ ಇಲ್ಲ.

ಮೊಬೈಲಿನಲ್ಲಿ ಸಮಸ್ಯೆ ಇನ್ನೂ ಬಿಗಿಯಾಗುತ್ತದೆ. ಬಾಣದ ತುದಿ ಸೂಜಿಯಂಥದು. ಬೆರಳ ತುದಿಯಾದರೋ ಒಂದು ಸೆಂಟಿಮೀಟರಿನಷ್ಟು ಜಾಗವನ್ನು ಮುಚ್ಚುತ್ತದೆ, ಮುಚ್ಚಿದುದು ಕಣ್ಣಿಗೂ ಕಾಣದು. ಆದುದರಿಂದ ಮುಟ್ಟುವ ಗುರಿ ಸುಮಾರು 7ರಿಂದ 10 ಮಿಲಿಮೀಟರಿಗಿಂತ ಚಿಕ್ಕದಾಗಬಾರದೆಂದು ವಿನ್ಯಾಸಕಾರರು ಕಟ್ಟುಮಾಡಿಕೊಂಡಿದ್ದಾರೆ. ಕನ್ನಡದ ಕೀಲಿಮಣೆಗಳಲ್ಲಿ ಒಂದು ಅಕ್ಷರವನ್ನು ಅದುಮಿ ಹಿಡಿದಾಗ ಅದರ ಜೊತೆಯ ಅಕ್ಷರಗಳು ಬೆರಳಿನ ಮೇಲ್ಗಡೆ ಏಳುವುದನ್ನು ನೀವು ನೋಡಿರಬಹುದು. ಕೆಳಗೆ ಎದ್ದರೆ ಕೈಯೇ ಅವನ್ನು ಮರೆಮಾಡುತ್ತಿತ್ತು. ಇಲ್ಲಿ ದೂರದ ಬದಲಿಗೆ ಕಾಲವೇ ಸಾಕ್ಷಿಯಾಗಿದೆ. ಸುಮಾರು ಅರ್ಧ ಸೆಕೆಂಡು ಬೆರಳು ಊರಿದ್ದರೆ ಬೇಕೆಂದೇ ಹಿಡಿದಿದ್ದಾರೆಂದು ಫೋನು ತಿಳಿಯುತ್ತದೆ.

ಕಾಲದ ವಿಷಯ ಬಂದುದರಿಂದ ಇನ್ನೊಂದು ಮಾತು. ಕಣ್ಣಿಗೆ ಕಂಡುದಕ್ಕೆ ಕೈ ಪ್ರತಿಕ್ರಿಯೆ ತೋರಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟಾದರೂ ಬೇಕು. ಬೆರಳು ಗುರಿಯ ಕಡೆಗೆ ಇಳಿಯುತ್ತಿರುವಾಗ ಮಧ್ಯೆ ಬೇರೊಂದು ಪೆಟ್ಟಿಗೆ ಎದ್ದು ಬಂದರೆ, ಕಣ್ಣು ಅದನ್ನು ಕಂಡರೂ ಕೈಯನ್ನು ತಡೆಯಲು ಹೊತ್ತಿಲ್ಲ. ಒತ್ತು ಬಿದ್ದೇ ತೀರುತ್ತದೆ. ಇದನ್ನರಿತೇ ಕೆಲವು ಬ್ರೌಸರುಗಳಲ್ಲಿ ಅನುಮತಿ ಕೇಳುವ ಪೆಟ್ಟಿಗೆ ಎದ್ದ ಮೇಲೆ ಸುಮಾರು ಒಂದು ಸೆಕೆಂಡು ‘ಆಗಲಿ’ ಎಂಬ ಗುಂಡಿ ಸತ್ತಂತಿದ್ದು ಆಮೇಲೆ ಜೀವ ತಳೆಯುತ್ತದೆ. ಈ ಜಡತ್ವವನ್ನು ಕಂಡು ಯಂತ್ರ ನಿಧಾನವಾಯಿತೆಂದು ಬೈಯುವವರುಂಟು. ಬೇಕೆಂದೇ ಇಂಥ ಪೆಟ್ಟಿಗೆಗಳನ್ನು ಬೆರಳಿನಡಿ ಎಬ್ಬಿಸಿ ಜಾಹೀರಾತನ್ನು ಒತ್ತಿಸಿಕೊಳ್ಳುವ ವರ್ತಕರೂ ಉಂಟು. ಅದು ವಿನ್ಯಾಸವಲ್ಲ, ಕಿಸೆಗೆ ಕತ್ತರಿ.

ಎಷ್ಟು ದೂರ ಸಾಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ತಪ್ಪಿದರೆ ಎಷ್ಟು ನಷ್ಟ ಎಂಬುದರ ಮೇಲೆ ಅದು ನಿಂತಿದೆ. ಇದನ್ನು ಅಚ್ಚುಕಟ್ಟಾಗಿ ತೋರಿಸುವ ಯಂತ್ರವೊಂದು ಚುನಾವಣೆಯ ದಿನ ನರಗುಂದದ ಶಾಲೆಗಳಿಗೂ ರೋಣದ ಶಾಲೆಗಳಿಗೂ ಬರುತ್ತದೆ. ನಮ್ಮ ಮತಯಂತ್ರಗಳನ್ನು ತಯಾರಿಸುವವರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯವರು ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಯವರು. ಮತಗಟ್ಟೆಯ ಅಧಿಕಾರಿಯ ಮುಂದಿರುವ ಭಾಗದಲ್ಲಿ ‘ಬ್ಯಾಲಟ್’ ಎಂಬ ಗುಂಡಿಯನ್ನು ದಿನಕ್ಕೆ ನೂರಾರು ಸಲ, ಮತದಾರನೊಬ್ಬನಿಗೆ ಒಂದು ಸಲದಂತೆ, ಒತ್ತಬೇಕು. ಅದು ಮುಚ್ಚಳವಿಲ್ಲದೆ ಕೈಗೆ ಎದುರಾಗಿದೆ. ಮತದಾನವನ್ನು ಮುಗಿಸುವ ‘ಕ್ಲೋಸ್’ ಗುಂಡಿಯನ್ನು ಒತ್ತಬೇಕಾದುದು ದಿನಕ್ಕೆ ಒಂದೇ ಸಲ, ಸಂಜೆಯಲ್ಲಿ. ಅದಕ್ಕೆ ಟೊಪ್ಪಿಗೆಯಿದೆ, ಅದನ್ನು ತೆಗೆದೇ ಒತ್ತಬೇಕು. ಎಣಿಕೆಯ ದಿನದ ‘ರಿಸಲ್ಟ್’ ಗುಂಡಿ ಬಾಗಿಲೊಳಗಿದ್ದು ಅದರ ಮೇಲೆ ಹಸಿರು ಕಾಗದದ ಮೊಹರು. ಆ ಕಾಗದವನ್ನು ಚುಚ್ಚಿಯೇ ಒತ್ತಬೇಕು. ಒಂದೇ ಪೆಟ್ಟಿಗೆಯ ಮೇಲೆ ಬಯಲು, ಟೊಪ್ಪಿಗೆ, ಬಾಗಿಲು! ತಪ್ಪಿನ ಬೆಲೆ ಏರಿದಂತೆಲ್ಲ ಕೈಯ ಪ್ರಯಾಣವೂ ಏರಿದೆ. ಮತದಾರನ ಕಡೆಯ ಭಾಗವೂ ಗಮನಾರ್ಹವಾದುದು. ಅವನು ಒಂದು ಸಲ ಒತ್ತಿದ ಮೇಲೆ, ಅಧಿಕಾರಿ ಮತ್ತೆ ‘ಬ್ಯಾಲಟ್’ ಗುಂಡಿಯನ್ನು ಒತ್ತುವವರೆಗೆ, ಎಲ್ಲ ಗುಂಡಿಗಳೂ ನಿರ್ಜೀವ. ಹತ್ತು ಸಲ ಟಕಟಕಿಸಿದರೂ ಮತ ಒಂದೇ. ಎರಡು ಸಲ ಒತ್ತುವ ರೋಣದ ಹುಡುಗಿ ಇಲ್ಲಿ ನಿಶ್ಚಿಂತಳಾಗಿ ಮತ ಹಾಕಬಲ್ಲಳು.

ಮೆನುಗಳಿಗೂ ಈ ಬುದ್ಧಿಯನ್ನು ಅನ್ವಯಿಸಬಹುದು. ‘ಅಳಿಸು’ ಎಂಬುದನ್ನು ಮಿಕ್ಕ ಸಾಲುಗಳಿಂದ ಬೇರೆಯಾಗಿ, ಒಂದು ಗೆರೆಯ ಆಚೆಗೆ ಇಡಬಹುದು. ಮೆನು ಮೇಲಕ್ಕೆ ಏಳುವಾಗ ಸಾಲುಗಳ ಕ್ರಮವನ್ನೂ ತಿರುಗಿಸಬಹುದು. ಆದರೆ ಆಗ ಪ್ರತಿ ಸಲವೂ ಒಂದೇ ಜಾಗದಲ್ಲಿ ಕಂಡು ಕೈಗೆ ರೂಢಿಯಾದ ಕ್ರಮ ಕೆಡುತ್ತದೆ, ಅದರಿಂದ ಹೊಸ ತಪ್ಪುಗಳು ಹುಟ್ಟಬಹುದು. ಅದಕ್ಕಿಂತ ಮೆನುವನ್ನು ಚುಕ್ಕೆಗಳ ಎಡಪಕ್ಕಕ್ಕೆ ಒಂದು ಬೆರಳಗಲ ಸರಿಸಿ ತೆರೆಯುವುದು ಲೇಸೆಂದು ನಮ್ಮ ಅಭಿಪ್ರಾಯ. ‘ನಿಜವಾಗಿ ಅಳಿಸಲೆ?’ ಎಂದು ಕೇಳುವ ಪದ್ಧತಿ ಬಹಳ ಹಳೆಯದು; ದಿನವೂ ಕೇಳಿಸಿಕೊಂಡ ಪ್ರಶ್ನೆಗೆ ಕೈ ಓದದೆಯೇ ‘ಹೂಂ’ ಎನ್ನಲು ಕಲಿತುಬಿಡುತ್ತದೆ. ಅಳಿಸಿದುದನ್ನು ಒಡನೆ ಮರಳಿ ಪಡೆಯಲು ಬಿಡುವುದು ಇದಕ್ಕಿಂತ ಮೇಲು. ವಿಂಡೋಸಿನ ಕಸದ ಬುಟ್ಟಿ ಇದನ್ನೇ ಮಾಡುತ್ತದೆ. ಆ ಜಾಲತಾಣದಲ್ಲಿ ಅಂಥ ಬುಟ್ಟಿ ಇರಲಿಲ್ಲ.

ಇದನ್ನೆಲ್ಲ ಅಂಗಡಿಯವನಿಗೆ ಸಂಕ್ಷೇಪವಾಗಿ ಹೇಳಿದೆವು. ಅವನು ತಲೆದೂಗಿದ, ಆದರೆ ಆಶ್ಚರ್ಯಪಟ್ಟಂತೆ ಕಾಣಲಿಲ್ಲ. ಕೆಲಸದ ಒತ್ತಡದಲ್ಲಿ ಅಂದು ಹುಡುಗಿಗೆ ಹೇಳಲು ಮರೆತಿದ್ದನಂತೆ. ತಾನು ಮಾತ್ರ ಕೊನೆಯ ಸಾಲನ್ನು ಮುಟ್ಟುವ ಮುನ್ನ ಪುಟವನ್ನು ಮೇಲಕ್ಕೆಳೆದು ಆ ಸಾಲು ತೆರೆಯ ನಡುವಿಗೆ ಬರುವಂತೆ ಮಾಡಿಕೊಳ್ಳುತ್ತಾನಂತೆ. “ಯಾಕಂತ ಗೊತ್ತಿರಲಿಲ್ಲರೀ, ತಳದಾಗ ಒತ್ತಿದ್ರ ಹೆಸರು ಹೋಗತಿದ್ದವು” ಎಂದ. ಅಷ್ಟರಲ್ಲಿ ಮುಂದಿನ ಬಸ್ಸು ಬಂದಿತು.